ಕೊನೆಯ ರೀಲಿಗೆ ಮುಂಚೆ ಏಳುತ್ತಿದ್ದವರು

ಕಡೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎಣ್ಣೆ ತೆಗೆಯುವ ಒಂದು ಸಣ್ಣ ಮಿಲ್ಲು ಇದೆ. ಹೋದ ಬೇಸಗೆಯಲ್ಲಿ ಅದರ ಮುಂದೆ ನೆರಳಿಗೆಂದು ನಿಂತಿದ್ದಾಗ ಒಳಗೆ ಯಾರೋ ಕಡಲೆಕಾಯಿ ಚೀಲ ಬಿಚ್ಚಿ ನೆಲಕ್ಕೆ ಸುರಿದರು. ಧೂಳು ಬಾಗಿಲಾಚೆಗೂ ಬಂತು. ಮಣ್ಣು, ಒಣ ಸಿಪ್ಪೆ, ಗೋಣಿ ಎಲ್ಲ ಕಲೆತ ಆ ವಾಸನೆಗೆ ಬೇರೆ ಯಾರಿಗಾದರೂ ಹೊಲ ನೆನಪಾದೀತು, ಸುಗ್ಗಿ ನೆನಪಾದೀತು. ನನಗೆ ಸಿನಿಮಾ ನೆನಪಾಯಿತು.

ನಾನು ಬೇಕಾದಷ್ಟು ಸಿನಿಮಾ ನೋಡಿದ್ದೇನೆ. ಮೆತ್ತನೆಯ ಕುರ್ಚಿಯ, ತಣ್ಣನೆಯ ಥಿಯೇಟರುಗಳಲ್ಲಿ ಕೂತು ನೋಡಿದ್ದೇನೆ. ಆದರೆ ಯಾವುದು ಒಳ್ಳೆಯ ಚಿತ್ರ, ಯಾವುದು ಮೋಸ ಎಂದು ನಾನು ಇವತ್ತಿಗೂ ಜಗಳ ಕಾಯುವಾಗ ಬಳಸುವ ಅಳತೆ ಅಜ್ಜಂಪುರದ ಒಂದೇ ಬೇಸಗೆಯಲ್ಲಿ ಸಿಕ್ಕಿದ್ದು. ಮೈಸೂರಿನಲ್ಲಿ ಬಿ.ಎ. ಮುಗಿಸಿ ನಾನು ಊರಿಗೆ ಬಂದು ಕೂತ ವರ್ಷ ಅದು. ರಾಜ್ಯ ಒಂದಾಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಕಾಲೇಜಿನಲ್ಲಿ ನಾನು ಓದಿದ್ದು ತರ್ಕಶಾಸ್ತ್ರ, ತತ್ವಶಾಸ್ತ್ರ. ಅದರಿಂದ ಕೆಲಸ ಸಿಗಲಿಲ್ಲ, ಯಾವುದನ್ನೂ ಸುಮ್ಮನೆ ನಂಬದ ಚಟವೊಂದು ಅಂಟಿಕೊಂಡಿತು. ಆ ಚಟವನ್ನು ನನ್ನ ನೆನಪಿನ ಮೇಲೂ ಪ್ರಯೋಗಿಸುತ್ತೇನೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸರಿಮಾಡಿಕೊಂಡದ್ದು ಎಂಬ ಸಂಶಯ ನನಗೇ ಇದೆ. ಸಂಶಯ ಬಂದಲ್ಲಿ ಹೇಳುತ್ತೇನೆ.

ನನ್ನ ತಂದೆ ತೀರಿಕೊಂಡಾಗ ನನಗೆ ಬುದ್ಧಿ ತಿಳಿದಿರಲಿಲ್ಲ. ಸಾಕಿದವರು, ಓದಿಸಿದವರು ದೊಡ್ಡಪ್ಪ. ಅಜ್ಜಂಪುರದಲ್ಲಿ ಅವರದು ಕಡಲೆಕಾಯಿ ಮಂಡಿ. ಮಂಡಿಗೆ ಅಂಟಿಕೊಂಡೇ ಮನೆ, ಊರಿನ ಅಂಚಿನಲ್ಲಿ. ಮನೆಯಲ್ಲಿ ದೊಡ್ಡಮ್ಮ, ಅವರ ಸೊಸೆ ಗಿರಿಜತ್ತಿಗೆ, ಮಗಳು ಸರೋಜ. ಮಗ, ಅಂದರೆ ಗಿರಿಜತ್ತಿಗೆಯ ಗಂಡ, ಕಾಯಿ ಕೊಳ್ಳಲು ಹಿರೇನಲ್ಲೂರು, ಸಿಂಗಟಗೆರೆ ಎಂದು ವಾರದಲ್ಲಿ ಹೆಚ್ಚು ದಿನ ಊರೂರು ತಿರುಗುತ್ತಿದ್ದ. ನಾನು ಕೆಲಸಕ್ಕೆ ಅರ್ಜಿ ಹಾಕಿ ಆರ್ಡರಿಗೆ ಕಾಯುತ್ತಿದ್ದೆ. ಕಾಯುವವನು ಸುಮ್ಮನೆ ಕೂರಬಾರದೆಂದು ದೊಡ್ಡಪ್ಪ ನನ್ನನ್ನು ತಕ್ಕಡಿಯ ಪಕ್ಕ ಕೂರಿಸಿದರು.

"ಕೆಲ್ಸ ಬಂದಾಗ ಹೋಗುವಂತೆ. ಅಲ್ಲೀಗಂಟ ತೂಕ ಕೂಗು," ಎಂದರು.

ಬೆಳಿಗ್ಗೆಯಿಂದ ತೂಕ ಕೂಗುತ್ತಿದ್ದೆ. ಮಧ್ಯಾಹ್ನ ತಗಡಿನ ಮಾಡು ಕಾದು, ಒಳಗಿನ ಗಾಳಿ ಅಲ್ಲಾಡುತ್ತಿರಲಿಲ್ಲ. ಊರಿನ ಸ್ಟೇಷನ್ನಿಗೆ ಬರುವ ರೈಲಿನ ಸದ್ದು ಕೇಳುತ್ತಿತ್ತು. ಬೀರೂರಿಗೆ ಹೋಗುವುದು, ಹುಬ್ಬಳ್ಳಿ ಕಡೆಗೆ ಹೋಗುವುದು ಎಂದು ಸದ್ದಿನಲ್ಲೇ ಗೊತ್ತಾಗುವಷ್ಟು ಅಭ್ಯಾಸವಾಗಿತ್ತು. ಎರಡರಲ್ಲೂ ನಾನಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಊರಾಚೆಯ ಬಯಲಿಗೆ ಟೂರಿಂಗ್ ಟಾಕೀಸಿನವರು ಬಂದು ಡೇರೆ ಹೊಡೆದರು. ಮುಂಗಾರು ಹಿಡಿಯುವ ತನಕ ಅದು ಅಲ್ಲೇ. ನೆಲಕ್ಕೆ ಮರಳು, ಅದರ ಹಿಂದೆ ಬೆಂಚು, ಕೊನೆಯಲ್ಲಿ ಒಂದು ಸಾಲು ಮಡಿಸುವ ಕುರ್ಚಿ. ನಡುವೆ ಎದೆಮಟ್ಟದ ಬಟ್ಟೆಯ ತಡಿಕೆ. ಆ ಕಡೆ ಹೆಂಗಸರು, ಈ ಕಡೆ ಗಂಡಸರು. ಸಂಜೆ ಧ್ವನಿವರ್ಧಕದಲ್ಲಿ ದೇವರ ಹಾಡಿನ ರೆಕಾರ್ಡು ಬಂದರೆ ಟಿಕೀಟು ಶುರುವಾಯಿತೆಂದು ಅರ್ಥ. ಪ್ರೊಜೆಕ್ಟರು ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹಾಕಿ, ಮುಂದಿನ ರೀಲು ಏರಿಸಿ, ಮತ್ತೆ ದೀಪ ಆರಿಸುತ್ತಿದ್ದರು. ಆ ಮಧ್ಯೆ ಹುರಿಗಡಲೆ, ಸೋಡಾ ಮಾರುವವರು ಕೂಗುತ್ತಿದ್ದರು.

ಮನೆತನಸ್ಥರ ಹೆಂಗಸರು ಯಾರೂ ಸಿನಿಮಾ ಪೂರ್ತಿ ನೋಡುತ್ತಿರಲಿಲ್ಲ. ಇದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ, ಆದರೆ ಇದರಲ್ಲಿ ನನಗೆ ಸಂಶಯವಿಲ್ಲ. ಆಟ ಬಿಟ್ಟಾಗ ಗಂಡಸರೆಲ್ಲ ಒಂದೇ ಬಾಗಿಲಿಗೆ ನುಗ್ಗುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಹೆಣ್ಣುಮಕ್ಕಳು ಸಿಕ್ಕಬಾರದು ಎಂದು, ಕೊನೆಯ ರೀಲಿಗೆ ಮುಂಚಿನ ದೀಪ ಹತ್ತಿದ ಕೂಡಲೇ ಅವರು ಸೆರಗು ಸರಿಮಾಡಿಕೊಂಡು ಎದ್ದುಬಿಡಬೇಕು. ಹೊರಗೆ ಗಾಡಿ ಕಾಯುತ್ತಿರುತ್ತಿತ್ತು. ದೀಪ ಆರುವ ಹೊತ್ತಿಗೆ ತಡಿಕೆಯ ಆ ಕಡೆ ಅರ್ಧ ಖಾಲಿ. ಉಳಿದವರು ಕೂಲಿ ಮಾಡುವ ಹೆಂಗಸರು, ಅವರು ಕಾಲು ಚಾಚಿ ಕೊನೆಯವರೆಗೂ ನೋಡಿ ಹೋಗುತ್ತಿದ್ದರು. ಮಾರನೆ ದಿನ ಅವರನ್ನೇ ಕೇಳಬಹುದಿತ್ತು. ದೊಡ್ಡಮ್ಮ ಕೇಳುತ್ತಿರಲಿಲ್ಲ.

ಹಾಗಾಗಿ ನಮ್ಮ ಮನೆಯ ಹೆಂಗಸರಿಗೆ ಸಿನಿಮಾದ ಕೊನೆ ಹೇಳುವ ಕೆಲಸ ನನಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಜಗಲಿಯಲ್ಲಿ ಅವರು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದರು. ಬಿತ್ತನೆಯ ಕಾಯನ್ನು ಕೈಯಲ್ಲೇ ಒಡೆಯಬೇಕು. ಕಾಳಿನ ಮೇಲಿನ ಕೆಂಪು ಪೊರೆ ಕಿತ್ತುಬಂದರೆ ಅದು ಹುಟ್ಟುವುದಿಲ್ಲ. ನಾನೂ ಒಂದು ಮೊರ ಹಿಡಿದು ಕೂರುತ್ತಿದ್ದೆ. ಆದರೆ ನಾನು ಬಾಯಿ ತೆರೆಯುವ ಮುಂಚೆ ಅವರು ತಮ್ಮ ತಮ್ಮ ಕೊನೆಗಳನ್ನು ಹೇಳಿಬಿಡುತ್ತಿದ್ದರು.

"ಆ ಅಣ್ಣ ಸತ್ತಿರ್ತಾನೆ ಬಿಡು," ಎನ್ನುವರು ದೊಡ್ಡಮ್ಮ. "ಕೆಮ್ತಿದ್ದ ನೋಡ್ದಿಲ್ವಾ? ಸಿನಿಮಾದಾಗೆ ಕೆಮ್ಮಿದೋರು ಉಳಿಯಲ್ಲ."

"ಸಾಯೋದು ಅವನಲ್ಲತ್ತೆ, ಆ ಬಡ್ಡಿ ಸಾವ್ಕಾರ," ಎನ್ನುವರು ಗಿರಿಜತ್ತಿಗೆ. "ಅವನು ಸಾಯ್ದೇ ಹೋದ್ರೆ ನಾನು ಸಿನಿಮಾನೇ ಬಿಟ್ಬಿಡ್ತೀನಿ."

"ಎಲ್ಲಾ ಸೇರಿ ಗ್ರೂಪ್ ಫೋಟೋ ತೆಗೆಸ್ಕೊಂಡಂಗೆ ನಿಂತ್ಕಂತಾರೆ. ಅಷ್ಟೇ," ಎನ್ನುವಳು ಸರೋಜ.

ಹೆಚ್ಚಿನ ಸಲ ಸರೋಜಳದೇ ಸರಿಯಾಗಿರುತ್ತಿತ್ತು. ನಾನು ಹಾಗೆಂದು ಹೇಳಿದರೆ ದೊಡ್ಡಮ್ಮ ಮೊರ ಕುಟ್ಟಿ, "ಥೂ, ಅಷ್ಟೇನಾ? ನಮ್ದೇ ಚೆನ್ನಾಗಿತ್ತು ಕಣೋ," ಎನ್ನುವರು. ಮೈಸೂರಿನ ಹಾಸ್ಟೆಲ್ಲಿನಲ್ಲಿ ನಾವು ಬೆಳಗಿನ ತನಕ ಚರ್ಚಿಸಿ ಮುಟ್ಟದಿದ್ದ ತೀರ್ಮಾನವನ್ನು ಅವರು ಕಾಯಿ ಒಡೆಯುತ್ತ ಮುಟ್ಟುತ್ತಿದ್ದರು: ಆ ಕಾಲದ ನಮ್ಮ ಚಿತ್ರಗಳು ಕೊನೆಯ ರೀಲಿನಲ್ಲಿ ಕೆಡುತ್ತಿದ್ದವು. ಅಲ್ಲಿಯವರೆಗೆ ಜನ ಜನರ ಹಾಗೇ ಇರುತ್ತಿದ್ದರು. ಕೊನೆಯ ದೀಪ ಆರಿದ್ದೇ ತಡ, ಕೆಟ್ಟವನಿಗೆ ಪಶ್ಚಾತ್ತಾಪ, ಕುರುಡಿಗೆ ಕಣ್ಣು, ಓಡಿಹೋದವನಿಗೆ ತಾಯಿಯ ಮಡಿಲು. ಒಂದು ಪೌರಾಣಿಕ ಬಂತು. ಅದರ ಅಸುರ ಮೊದಲಿಂದ ತುಂಬ ಗತ್ತಿನವನಾಗಿದ್ದ, ಅವನು ನಕ್ಕರೆ ಡೇರೆಯ ಕಂಬ ಅಲ್ಲಾಡಿದಂತೆ ಅನ್ನಿಸುತ್ತಿತ್ತು. ಕೊನೆಯಲ್ಲಿ ಅವನನ್ನು ಕೈಮುಗಿಸಿ ಹಾಡು ಹೇಳಿಸಿದರು. ನನಗೆ ಆದ ನಿರಾಸೆ ಎಷ್ಟೆಂದರೆ, ಮಾರನೆ ದಿನ ತೂಕ ತಪ್ಪಾಗಿ ಕೂಗಿ ಬೈಸಿಕೊಂಡೆ.

ಅಜ್ಜಂಪುರ ಉಸಿರು ಕಟ್ಟಿದಾಗ ನಾನು ಬೇರೆ ಊರುಗಳ ಸಿನಿಮಾಕ್ಕೆ ಓಡುತ್ತಿದ್ದೆ. ಕಡೂರಿನಲ್ಲಿ ಕತ್ತಿವರಸೆಯ ಒಂದು ಚಿತ್ರ ನೋಡಿದೆ. ಅದರಲ್ಲಿ ಕತೆ ಎನ್ನುವುದೇ ಇರಲಿಲ್ಲ. ಹೀರೋ ಕುದುರೆಯಿಂದ ಕೋಟೆಗೆ, ಕೋಟೆಯಿಂದ ಕುದುರೆಗೆ ಹಾರುತ್ತಿದ್ದ. ನನಗೆ ಬಹಳ ಹಿಡಿಸಿತು. ಗೆಳೆಯರಿಗೆ ಹೇಳಲು ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. ಈಗ ವಯಸ್ಸಾಗಿದೆ, ಹೇಳುತ್ತಿದ್ದೇನೆ. ತರೀಕೆರೆಯಲ್ಲಿ ನೋಡಿದ್ದು ಬಾವಿ ತೋಡುವವನೊಬ್ಬನ ಕತೆ. ನನ್ನ ಮಟ್ಟಿಗೆ ನಾನು ಇದುವರೆಗೆ ನೋಡಿದ ಚಿತ್ರಗಳಲ್ಲೇ ಶ್ರೇಷ್ಠ. ಅದರಲ್ಲಿ ಒಂದು ದೃಶ್ಯವಿದೆ: ಅವನು ಕೆಳಗೆ ಅಗೆಯುತ್ತಿದ್ದಾನೆ, ಹೆಂಡತಿ ಮೇಲಿನಿಂದ ಬಗ್ಗಿ ನೋಡುತ್ತಿದ್ದಾಳೆ, ಮಾತಿಲ್ಲ, ಹಾಡಿಲ್ಲ, ಗುದ್ದಲಿಯ ಸದ್ದೊಂದೇ. ಆಕಾಶ ಅವನಿಗೆ ತಟ್ಟೆಯಷ್ಟು ಕಾಣುತ್ತದೆ, ಅವಳ ತಲೆ ಅದಕ್ಕೆ ಅಡ್ಡ ಬರುತ್ತದೆ. ಜನ "ಹಾಡು ಹಾಕ್ರೋ" ಎಂದು ಶಿಳ್ಳೆ ಹೊಡೆದರು. ಬೇಗನೆ ಅದನ್ನು ತೆಗೆದುಬಿಟ್ಟರು. ಆಮೇಲೆ ಆ ಚಿತ್ರ ನೋಡಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಹೆಸರು ಮರೆತಿದೆ. ಬಲ್ಲವರನ್ನು ಕೇಳಿದರೆ ಅಂಥದೊಂದು ಬಂದೇ ಇಲ್ಲ ಎನ್ನುತ್ತಾರೆ. ಆ ವರ್ಷ ನಾನಿದ್ದ ಸ್ಥಿತಿಗೆ ಆ ಬಾವಿಯನ್ನು ನಾನೇ ತೋಡಿಕೊಂಡೆನೋ ಏನೋ.

ಯಾವ ಊರಿಗೆ ಹೋದರೂ ಕೊನೆಯ ಬಸ್ಸು ನನ್ನನ್ನು ತಂದು ಅಜ್ಜಂಪುರದಲ್ಲೇ ಇಳಿಸುತ್ತಿತ್ತು.

ಆ ವರ್ಷ ಮನೆಯಲ್ಲಿ ಸಿಕ್ಕಿಬಿದ್ದವನು ನಾನೊಬ್ಬನೇ ಅಲ್ಲ. ಸರೋಜ ಎಸ್.ಎಸ್.ಎಲ್.ಸಿ. ಮೊದಲ ಸಲಕ್ಕೇ ಪಾಸು ಮಾಡಿದ್ದಳು. ಅವಳಿಗೆ ಶಿವಮೊಗ್ಗಕ್ಕೆ ಹೋಗಿ ಮೇಷ್ಟ್ರ ಟ್ರೈನಿಂಗ್ ಮಾಡಬೇಕೆಂಬ ಆಸೆ. ದೊಡ್ಡಪ್ಪನಿಗೆ ಹಿರೇನಲ್ಲೂರಿನ ಒಂದು ಸಂಬಂಧದ ಮೇಲೆ ಮನಸ್ಸು. ತೆಂಗಿನ ತೋಟ ಇದ್ದವರು, ದೊಡ್ಡ ಮನೆ. ಅವರು ಬಂದು ಹುಡುಗಿ ನೋಡಿ ಹೋಗಿದ್ದರು, ಒಪ್ಪಿದ್ದರು. ಬಿತ್ತನೆ ಮುಗಿದ ಮೇಲೆ ವೀಳ್ಯ ಶಾಸ್ತ್ರ ಎಂದು ಮಾತಾಗಿತ್ತು.

ಒಂದು ದಿನ ಹಿತ್ತಿಲಲ್ಲಿ ಬೇರೆ ಯಾರೂ ಇಲ್ಲದಾಗ ಸರೋಜ ಹೇಳಿದಳು: "ಅಪ್ಪ ನನ್ ಮಾತು ಕೇಳಲ್ಲ. ನೀನು ಓದಿದೋನು, ನೀನು ಹೇಳಣ್ಣ."

"ಸಮಯ ನೋಡಿ ಹೇಳ್ತೀನಿ."

"ಯಾವಾಗ ಸಮಯ?"

"ನೋಡೋಣ."

"ನಿನ್ನ ಆರ್ಡರ್ ಬರೋ ಹೊತ್ತಿಗಾ?" ಎಂದು ನಕ್ಕಳು. ಚುಚ್ಚಲು ಹೇಳಿದಳೋ, ಸುಮ್ಮನೆ ಹೇಳಿದಳೋ ತಿಳಿಯಲಿಲ್ಲ. ದೊಡ್ಡಪ್ಪನ ಮುಂದೆ ನಿಂತು ಅವರ ಮಗಳ ವಿಷಯ ಮಾತಾಡುವಷ್ಟು ನೆಲ ನನ್ನ ಕಾಲ ಕೆಳಗೆ ಇರಲಿಲ್ಲ. ಅವರ ತಟ್ಟೆಯಲ್ಲಿ ಉಂಡು, ಅವರ ತಕ್ಕಡಿ ಹಿಡಿದು ಕೂತವನು ನಾನು.

ಅಷ್ಟರಲ್ಲಿ ತರೀಕೆರೆಯಲ್ಲಿ ಒಂದು ಹೊಸ ಚಿತ್ರ ಬಂದಿದೆ ಎಂದು ಕೇಳಿ ಹೋಗಿ ನೋಡಿಬಂದೆ. ಹಳ್ಳಿಯ ಗೌಡನ ಮಗಳು ಓದಬೇಕೆನ್ನುತ್ತಾಳೆ, ಗೌಡ ಒಪ್ಪುವುದಿಲ್ಲ, ಬೆಳಗಿನ ಬಸ್ಸು ಹತ್ತಿ ಹೋಗಿಬಿಡುತ್ತಾಳೆ. ಪೇಟೆಯಲ್ಲಿ ಕಷ್ಟಪಟ್ಟು ಓದಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಗೌಡನ ಪಾತ್ರದವನು ನಾಟಕ ಕಂಪನಿಯಿಂದ ಬಂದವನಿರಬೇಕು. ಪಕ್ಕದಲ್ಲಿದ್ದವರ ಹತ್ತಿರವೂ ಊರಾಚೆಗೆ ಕೇಳುವಂತೆ ಕೂಗುತ್ತಿದ್ದ. ನಗಿಸಲು ಇಬ್ಬರು ಕಳ್ಳರಿದ್ದರು, ಅವರಿಂದ ನಗು ಬರಲಿಲ್ಲ. ಆದರೆ ಆ ಹುಡುಗಿ! ಅವಳು ಮಾತಾಡುವುದಕ್ಕಿಂತ ಸುಮ್ಮನಿದ್ದಾಗ ಹೆಚ್ಚು ಹೇಳುತ್ತಿದ್ದಳು. ಬಸ್ಸಿನ ಕಿಟಕಿಯಲ್ಲಿ ಊರು ಹಿಂದೆ ಸರಿಯುವುದನ್ನು ನೋಡುತ್ತ ಕೂತಿರುತ್ತಾಳೆ, ಅಳುವುದಿಲ್ಲ. ಆ ಕಾಲದ ಸಿನಿಮಾದಲ್ಲಿ ಹೆಣ್ಣು ಅಳದೆ ಊರು ಬಿಡುವುದನ್ನು ನಾನು ಕಂಡಿರಲಿಲ್ಲ. ಕೊನೆಯ ರೀಲಿನಲ್ಲಿ ಗೌಡನಿಗೆ ಕಾಯಿಲೆ. ಅವಳು ವಾಪಸ್ ಬರುತ್ತಾಳೆ, ಕಾಲಿಗೆ ಬೀಳುತ್ತಾಳೆ, "ನಿಮ್ಮ ಮಾತು ಮೀರಿದ್ದೇ ತಪ್ಪು" ಎನ್ನುವ ಅರ್ಥದ ಒಂದು ಉದ್ದ ಮಾತು ಆಡುತ್ತಾಳೆ, ಸೋದರತ್ತೆಯ ಮಗನಿಗೆ ಮಾಲೆ ಹಾಕುತ್ತಾಳೆ. ಬಸ್ಸಿನಲ್ಲಿ ಬರುವಾಗ ಯಾರೋ ನನ್ನ ಜೇಬಿಗೆ ಕೈ ಹಾಕಿದಷ್ಟು ಸಿಟ್ಟು ಬಂದಿತ್ತು.

ಅದೇ ಚಿತ್ರ ಅಜ್ಜಂಪುರದ ಡೇರೆಗೂ ಬರುತ್ತದೆಂದು ಗೋಡೆಗಳಿಗೆ ಅಂಟಿಸಿದರು. ಮುಂಗಾರಿಗೆ ಮುಂಚಿನ ಕೊನೆಯ ಚಿತ್ರ. ದೊಡ್ಡಪ್ಪ ಕೇಳಿದರು: "ಹೆಂಗೈತೋ ಅದು? ಹೆಂಗಸ್ರನ್ನ ಕಳಿಸ್ಬೋದಾ?"

"ಕಳಿಸ್ಬೋದು ದೊಡ್ಡಪ್ಪ," ಎಂದೆ. ಅವರು ಮುಂದೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸರೋಜ ಮಾತ್ರ ಬಿಡಲಿಲ್ಲ. ಗೋಡೆಯ ಪೋಸ್ಟರಿನಲ್ಲಿ ಆ ಹುಡುಗಿ ಕೈಯಲ್ಲಿ ಪುಸ್ತಕ ಹಿಡಿದು ಬಸ್ಸಿನ ಪಕ್ಕ ನಿಂತಿದ್ದಳು.

"ನೋಡಿದೀಯಲ್ಲಣ್ಣ. ಕೊನೇಲಿ ಏನಾಗುತ್ತೆ? ವಾಪಸ್ ಬತ್ತಾಳಾ?"

"ಈಗಲೇ ಹೇಳಿದ್ರೆ ನೋಡೋ ರುಚಿ ಹೋಗುತ್ತೆ."

"ನಮಗೆಲ್ಲಿ ಕೊನೆ ನೋಡೋ ರುಚಿ? ದೀಪ ಹತ್ತಿದ್ರೆ ಎದ್ದು ಗಾಡಿ ಹತ್ತೋದು. ಹೇಳು."

"ನೋಡ್ಕೊಂಡು ಬಾ, ಆಮೇಲೆ ಹೇಳ್ತೀನಿ."

ಆ ಕೊನೆಯನ್ನು ಅವಳಿಗೆ ಹೇಳುವುದು ನನ್ನಿಂದಾಗಲಿಲ್ಲ. ಸುಳ್ಳು ಕೊನೆ ಕಟ್ಟಿ ಹೇಳಬಹುದಿತ್ತು, ಅದಕ್ಕೂ ನಾಲಿಗೆ ಏಳಲಿಲ್ಲ. ಅವಳು ನನ್ನ ಮುಖ ನೋಡಿದಳು. ಆ ನೋಟದಿಂದಲೇ ಅವಳಿಗೆ ಅರ್ಧ ತಿಳಿಯಿತು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ.

ಅವತ್ತು ಸಂಜೆ ಸೆಕೆ ಎಷ್ಟಿತ್ತೆಂದರೆ ಡೇರೆಯ ಬಟ್ಟೆ ಬೆವರುತ್ತಿದೆಯೋ ಅನ್ನಿಸುತ್ತಿತ್ತು. ದೂರದಲ್ಲಿ ಗುಡುಗು, ಮಳೆ ಇಲ್ಲ. ದೊಡ್ಡಮ್ಮ, ಗಿರಿಜತ್ತಿಗೆ, ಸರೋಜ ಮೂವರೂ ಮರಳಿನ ಮೇಲೆ ಚಾಪೆ ಹಾಸಿಕೊಂಡು ತಡಿಕೆಯ ಹತ್ತಿರವೇ ಕೂತಿದ್ದರು. ನಾನು ಈ ಕಡೆಯ ಬೆಂಚಿನ ತುದಿಯಲ್ಲಿ, ತಡಿಕೆಯ ಮೇಲಿಂದ ಅವರ ಮುಖ ಕಾಣುವಷ್ಟು ಹತ್ತಿರ. ಬಸ್ಸಿನ ದೃಶ್ಯ ಬಂದಾಗ ಗಂಡಸರ ಕಡೆ ಯಾರೋ, "ಹೋಗವ್ವ ಹೋಗು, ಎಲ್ಲಿಗೋಯ್ತೀಯ ನೋಡಾನ!" ಎಂದು ಕೂಗಿ ನಗಿಸಿದ. ಹೆಂಗಸರ ಕಡೆ ನಗು ಇರಲಿಲ್ಲ.

ಕೊನೆಯ ರೀಲಿಗೆ ಮುಂಚಿನ ದೀಪ ಹತ್ತಿತು. ಸೀರೆಗಳ ಸರಬರ, ಬಳೆ ಸದ್ದು, ಮಕ್ಕಳನ್ನು ಎಬ್ಬಿಸುವ ಸದ್ದು. ದೊಡ್ಡಮ್ಮ ಎದ್ದರು, ಗಿರಿಜತ್ತಿಗೆ ಎದ್ದರು. ಸರೋಜ ಏಳಲಿಲ್ಲ.

"ಏಳೇ, ದೀಪ ಆರುತ್ತೆ," ಎಂದರು ದೊಡ್ಡಮ್ಮ.

ಅವಳು ಪರದೆಯ ಕಡೆಗೇ ನೋಡುತ್ತಿದ್ದಳು.

"ಏಳೇ ಅಂದ್ರೆ! ಜನ ನೋಡ್ತವ್ರೆ."

"ನೀವು ಹೋಗಿರಿ. ನೋಡ್ಕೊಂಡು ಬತ್ತೀನಿ."

ದೊಡ್ಡಮ್ಮ ಸುತ್ತ ನೋಡಿದರು. ಅವರ ಸ್ಥಿತಿ ನನಗೀಗ ಅರ್ಥವಾಗುತ್ತದೆ: ಮಗಳನ್ನು ಬಿಟ್ಟು ಹೋಗುವ ಹಾಗಿಲ್ಲ, ಜೊತೆಗೆ ಕೂತರೆ ತಾವೂ ಕೂತಂತಾಯಿತು. ಗಂಡಸರ ಕಡೆಯಿಂದ ಒಂದು ಶಿಳ್ಳೆ ಬಂತು. ದೊಡ್ಡಮ್ಮ ತಲೆ ಮೇಲೆ ಸೆರಗೆಳೆದುಕೊಂಡು ಸರಸರ ಹೊರಗೆ ಹೋಗಿ ಗಾಡಿಯಲ್ಲಿ ಕೂತರು. ಸೊಸೆಯನ್ನು ವಾಪಸ್ ಕಳಿಸಿದರು. ಗಿರಿಜತ್ತಿಗೆ ಒಳಗೂ ಬರಲಾರದೆ ಹೊರಗೂ ಹೋಗಲಾರದೆ ಬಾಗಿಲ ಬಟ್ಟೆ ಎತ್ತಿ ಹಿಡಿದು ನಿಂತರು, ಒಂದು ಕಣ್ಣು ಗಾಡಿಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ. ದೀಪ ಆರಿತು.

ಆ ರೀಲನ್ನು ನಾನು ನೋಡಲಿಲ್ಲ. ಪರದೆಯ ಬೆಳಕು ಸರೋಜಳ ಮುಖದ ಮೇಲೆ ಹೊಳೆಯುವುದು, ಕಪ್ಪಾಗುವುದು ನೋಡುತ್ತಿದ್ದೆ. ಗೌಡನ ಕೆಮ್ಮು ಕೇಳಿತು, ಉದ್ದನೆಯ ಮಾತು ಕೇಳಿತು, ಮಂಗಳವಾದ್ಯ ಕೇಳಿತು. ಅವಳ ಮುಖ ಬದಲಾಗಲಿಲ್ಲ. ಆಟ ಮುಗಿದು ಗಂಡಸರು ಬಾಗಿಲಿಗೆ ನುಗ್ಗಿದಾಗ ನಾನು ತಡಿಕೆ ದಾಟಿ ಹೋಗಿ ಅವಳ ಪಕ್ಕ ನಿಂತೆ. ನೂಕುನುಗ್ಗಲು ಕರಗುವ ತನಕ ಅಲ್ಲೇ ಕಾದೆವು. ಕೂಲಿ ಹೆಂಗಸೊಬ್ಬಳು ಹೋಗುತ್ತ, "ನೋಡಿದ್ರಾ ಸರೋಜವ್ವಾ? ನಾವು ದಿನಾ ನೋಡ್ತೀವಿ," ಎಂದು ನಕ್ಕು ಹೋದಳು.

ಮನೆಗೆ ಹೋಗುವಾಗ ಗಾಡಿಯಲ್ಲಿ ದೊಡ್ಡಮ್ಮ ಒಂದೇ ಮಾತು ಆಡಿದರು: "ನಿಮ್ಮಪ್ಪಂಗೆ ನೀನೇ ಹೇಳ್ಕೋ."

ಹೇಳುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಮಂಡಿಯ ಬಾಗಿಲು ತೆಗೆಯುವ ಮುಂಚೆಯೇ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತ್ತು. ನನ್ನನ್ನು ತಕ್ಕಡಿಯ ಹತ್ತಿರ ಕರೆದರು. ಸಿಟ್ಟಿನಲ್ಲಿ ಕೂಗುತ್ತಾರೆಂದು ಕಾದೆ; ಕೂಗಲಿಲ್ಲ. ಆಶ್ಚರ್ಯದಿಂದ ಕೇಳಿದರು.

"ಅಂಥಾದ್ದೇನಿತ್ತೋ ಅದರ ಕೊನೇಲಿ? ಮನೆ ಮಾನ ಬಿಟ್ಟು ಕೂತು ನೋಡುವಂಥಾದ್ದು?"

ಹೇಳಿದೆ. ಮಗಳು ವಾಪಸ್ ಬರುತ್ತಾಳೆ, ತಂದೆಯ ಕಾಲಿಗೆ ಬೀಳುತ್ತಾಳೆ, ಅವರು ತೋರಿಸಿದವನನ್ನು ಮದುವೆಯಾಗುತ್ತಾಳೆ.

ದೊಡ್ಡಪ್ಪನ ಮುಖ ಸಡಿಲವಾಯಿತು. "ಅಂದ್ರೆ ಒಳ್ಳೇದೇ ಅಲ್ವೇನೋ! ಅದನ್ನ ನೋಡಾಕೆ ಕೂತ್ಲಾ? ಸರಿ ಬಿಡು. ಮಗು. ಬುದ್ಧಿ ಬತ್ತೈತೆ ಅಂಥವು ನೋಡಿದ್ರೆ."

ಅಲ್ಲಿಗೇ ಮುಗಿಯಬಹುದಿತ್ತು. ಮನೆಯ ಶಾಂತಿ ಉಳಿಯುತ್ತಿತ್ತು, ಹಿರೇನಲ್ಲೂರಿನವರಿಗೂ ಏನಾದರೂ ಸಮಾಧಾನ ಹೇಳಬಹುದಿತ್ತು. ಮನೆಯಿಂದ ಮಂಡಿಗೆ ಬರುವ ಬಾಗಿಲಲ್ಲಿ ಸರೋಜ ಕಾಫಿ ಲೋಟ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ.

"ಅದು ಚೆನ್ನಾಗಿರ್ಲಿಲ್ಲಪ್ಪ," ಎಂದಳು.

"ಯಾವ್ದು?"

"ಕೊನೇದು. ಆ ಹುಡುಗಿ ವಾಪಸ್ ಬರೋ ಥರದವಳಲ್ಲ. ಮೊದಲಿಂದ ನೋಡಿದ್ರೆ ಗೊತ್ತಾಗುತ್ತೆ. ಬಸ್ ಹತ್ತುವಾಗ ಅಳಲೇ ಇಲ್ಲ ಅವಳು. ಆಮೇಲೆ ಸುಮ್ನೆ ಎಳ್ಕೊಂಡು ಬಂದು ಕಾಲಿಗೆ ಬೀಳ್ಸಿದಾರೆ. ಅವಳು ಬೀಳ್ತಿರ್ಲಿಲ್ಲ."

ಮೈಸೂರಿನಲ್ಲಿ ಸಿನಿಮಾದ ಮೇಲೆ ಬಹಳ ಜನ ಬಹಳ ಮಾತಾಡಿದ್ದನ್ನು ಕೇಳಿದ್ದೇನೆ. ಇಷ್ಟು ಸರಿಯಾದ ಮಾತು ಕೇಳಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಅಭಿಪ್ರಾಯ ಅಕ್ಷರ ತಪ್ಪದೆ ಇನ್ನೊಬ್ಬರ ಬಾಯಲ್ಲಿ, ಅದೂ ಅಪ್ಪನ ಎದುರು, ಕಾಫಿ ಲೋಟ ಹಿಡಿದು.

ದೊಡ್ಡಪ್ಪ ಮಗಳನ್ನು ನೋಡಿದರು. ಮಾತು ಸಿನಿಮಾದ್ದಲ್ಲ ಎನ್ನುವುದು ತಿಳಿಯದಷ್ಟು ದಡ್ಡರಲ್ಲ ಅವರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಓದಿದೋನು. ನೀನು ಹೇಳು. ಚೆನ್ನಾಗಿತ್ತೋ, ಇಲ್ವೋ?"

"ಇಲ್ಲ ದೊಡ್ಡಪ್ಪ, ಚೆನ್ನಾಗಿರ್ಲಿಲ್ಲ. ಅವಳು ಹೇಳಿದ್ದು ಸರಿ," ಎಂದೆ.

ಎಂದೆ ಎಂದು ನನ್ನ ನೆನಪು. ಸ್ಪಷ್ಟವಾಗಿ, ತಲೆಯೆತ್ತಿ ಹೇಳಿದ ಹಾಗೆ ನೆನಪು. ಆದರೆ ಬಾಗಿಲ ಹಿಂದೆ ನಿಂತಿದ್ದ ಗಿರಿಜತ್ತಿಗೆ ಎಷ್ಟೋ ವರ್ಷದ ಮೇಲೆ ನಕ್ಕು ಹೇಳಿದ್ದು ಬೇರೆ: "ನೀನೆಲ್ಲಿ ಹೇಳ್ದೆ? ತಕ್ಕಡಿ ನೋಡ್ಕೊಂಡು ಅದೇನೋ ಗೊಣಗ್ದೆ. ಮಾವ ಇನ್ನೊಂದ್ಸಲ ಕೇಳಿದ್ರು, ಇನ್ನೊಂದ್ಸಲ ಗೊಣಗ್ದೆ." ಎರಡರಲ್ಲಿ ಯಾವುದು ಎಂದು ತೀರ್ಮಾನಿಸಲು ನನ್ನ ತರ್ಕಶಾಸ್ತ್ರಕ್ಕೆ ಆಗಿಲ್ಲ. ದೊಡ್ಡಪ್ಪ ಏನನ್ನು ಕೇಳಿಸಿಕೊಂಡರೋ, ಎದ್ದು ಮಂಡಿಯ ಬಾಗಿಲು ತೆಗೆದರು. ಕಾಫಿ ಕುಡಿಯಲಿಲ್ಲ.

ಸಿಂಗಟಗೆರೆ ಸಂತೆಗೆ ಹೋಗಿದ್ದ ಅಣ್ಣ, ಗಿರಿಜತ್ತಿಗೆಯ ಗಂಡ, ಅಲ್ಲಿಂದ ಸುದ್ದಿ ತಂದ. ಹಿರೇನಲ್ಲೂರಿನವರು ಸಂತೆಯಲ್ಲೇ ಸಿಕ್ಕಿ, "ಹುಡುಗಿ ಗಂಡಸರ ಜೊತೆ ಕೊನೇತಂಕ ಕೂತು ಸಿನಿಮಾ ನೋಡಿದ್ಲಂತಲ್ಲಪ್ಪಾ, ನಮ್ಮನೆಗೆ ಅಂಥಾದ್ದು ಹೊಂದಲ್ಲ," ಎಂದು ಹೇಳಿ ಹೋದರಂತೆ. ಜೊತೆ ಎಲ್ಲಿಂದ ಬಂತು, ನಡುವೆ ತಡಿಕೆ ಇತ್ತಲ್ಲ ಎಂದು ಗಿರಿಜತ್ತಿಗೆ ಒಬ್ಬರೇ ಅಡುಗೆಮನೆಯಲ್ಲಿ ವಾದಿಸಿದರು. ದೊಡ್ಡಮ್ಮ ಅತ್ತರು.  ದೊಡ್ಡಪ್ಪ ನನ್ನ ಹತ್ತಿರ ತೂಕದ ಮಾತು ಬಿಟ್ಟು ಬೇರೆ ಆಡುವುದನ್ನೇ ನಿಲ್ಲಿಸಿದರು. ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು. ಬಿತ್ತನೆಯ ಕಾಯಿ ಸುಲಿದು ಮುಗಿದಿತ್ತು, ಆದ್ದರಿಂದ ಹಿತ್ತಿಲ ಜಗಲಿಯಲ್ಲಿ ಕೂರುವ ನೆಪವೂ ಇರಲಿಲ್ಲ. ಸೆಕೆ ಮಾತ್ರ ಹಾಗೇ ಇತ್ತು.

ಮಳೆ ಬಂತು. ಟಾಕೀಸಿನವರು ಡೇರೆ ಬಿಚ್ಚಿ ಲಾರಿಗೆ ಹೇರಿದರು. ಬಯಲಿನಲ್ಲಿ ಮರಳಿನ ಗುರುತೊಂದು ಉಳಿಯಿತು. ಆಗ ಒಂದು ದಿನ ಊಟಕ್ಕೆ ಕೂತಾಗ ದೊಡ್ಡಪ್ಪ ತಟ್ಟೆ ನೋಡುತ್ತಲೇ ಹೇಳಿದರು: "ಈ ಮಾತು ತಣ್ಣಗಾಗೋಗಂಟ ಯಾರೂ ಕೇಳ್ಕೊಂಡು ಬರಲ್ಲ. ಅಲ್ಲೀಗಂಟ ಮನೇಲಿ ಕೂತು ಏನ್ ಮಾಡ್ತಾಳೆ? ಅದೇನೋ ಟ್ರೈನಿಂಗು ಅಂತಿದ್ಲಲ್ಲ. ಹೋಗ್ಲಿ. ಆದ್ರೆ ಶಿವಮೊಗ್ಗದಾಗೆ ನಮ್ಮ ಅಕ್ಕನ ಮನೇಲೇ ಇರ್ಬೇಕು."

ಸಿನಿಮಾದ ಗೌಡನ ಹಾಗೆ ಅವರು ಕೂಗಲಿಲ್ಲ, ಕರಗಲೂ ಇಲ್ಲ. ಮಗಳು ಗೆದ್ದಳೆಂದೂ ಅಲ್ಲ, ತಾನು ಸೋತೆನೆಂದೂ ಅಲ್ಲ. ಬೇರೆ ದಾರಿ ಕಾಣದೆ ಒಂದು ಬಾಗಿಲು ತೆರೆದರು. ನಾನು ನಿರ್ದೇಶಕನಾಗಿದ್ದರೆ ಆ ಕೊನೆಯನ್ನೇ ಇಡುತ್ತಿದ್ದೆ. ಜನ ಒಪ್ಪುತ್ತಿದ್ದರೋ ಇಲ್ಲವೋ.

ಸರೋಜಳನ್ನು ಶಿವಮೊಗ್ಗದ ರೈಲು ಹತ್ತಿಸಲು ದೊಡ್ಡಪ್ಪನೇ ಬೀರೂರಿನವರೆಗೆ ಹೋದರು. ನಾನು ಮಂಡಿಯಲ್ಲಿ ಕೂತು ರೈಲಿನ ಸದ್ದು ಕೇಳಿದೆ. ಅವಳು ಟ್ರೈನಿಂಗ್ ಮುಗಿಸಿ ತರೀಕೆರೆಯ ಕಡೆ ಟೀಚರಾದಳು, ತಾನು ಒಪ್ಪಿದವರನ್ನು ಮದುವೆಯಾದಳು, ಹೆಡ್‌ಮಿಸ್ ಆಗಿ ನಿವೃತ್ತಳಾದಳು. ನನ್ನ ಆರ್ಡರು ಬಹಳ ತಡವಾಗಿ ಬಂತು, ಕಡೂರಿನ ಒಂದು ಕಚೇರಿಗೆ. ಬಾಗಿಲು ಬೇರೆ, ತಕ್ಕಡಿಯ ಬದಲು ಮೇಜು, ಅಷ್ಟೇ. ಅಲ್ಲಿಯೂ ಸಂಜೆಯಾದರೆ ಸಿನಿಮಾಕ್ಕೆ ಹೋಗುತ್ತಿದ್ದೆ. ಯಾವುದೂ ಸರಿಯಿಲ್ಲ ಎಂದು ಗೊಣಗುತ್ತ ಕೊನೆಯವರೆಗೂ ಕೂತು ಬರುತ್ತಿದ್ದೆ.

ಆ ಸಂಜೆ ಸರೋಜ ಯಾಕೆ ಏಳಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಹಲವು ಉತ್ತರಗಳಿದ್ದವು. ನಾನು ಕೊನೆ ಹೇಳದೆ ಹೋದದ್ದು ಒಂದು ಕಾರಣ. ಹಿರೇನಲ್ಲೂರಿನ ಸಂಬಂಧ ಮುರಿಯಲೆಂದೇ ಕೂತಳು ಎಂಬುದು ಇನ್ನೊಂದು. ನನಗೆ ಹೆಚ್ಚು ಇಷ್ಟವಾದದ್ದು ಅದೇ. ಹಲವರಿಗೆ ಅದನ್ನು ಬಣ್ಣ ಕಟ್ಟಿ ಹೇಳಿದ್ದೇನೆ. ಕೇಳಿದವರ ಕಣ್ಣಲ್ಲಿ ನೀರು ಬಂದದ್ದೂ ಇದೆ. ಕಣ್ಣಲ್ಲಿ ನೀರು ಬರುವ ಕತೆಯ ಮೇಲೆ ನನಗೆ ಮೊದಲಿಂದ ಅನುಮಾನ.

ಎಣ್ಣೆ ಮಿಲ್ಲಿನ ಮುಂದೆ ನಿಂತಿದ್ದ ದಿನ ಕಡೆಗೂ ತರೀಕೆರೆಯ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಊಟವಾದ ಮೇಲೆ ಕೇಳಿಯೇ ಬಿಟ್ಟೆ.

"ಅವತ್ತು ಡೇರೇಲಿ ನೀನು ಯಾಕೆ ಏಳಲಿಲ್ಲ? ನಿಜ ಹೇಳು. ಅಪ್ಪಂಗೆ ಎದುರು ನಿಲ್ಬೇಕು ಅಂತ ತಾನೇ?"

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಅಯ್ಯೋ ಎಲ್ಲಿ ಎದುರು ಕಣಣ್ಣ. ಕಾಲು ಮಡಚ್ಕೊಂಡು ಕೂತು ಕೂತು ಜೋಮು ಹಿಡಿದಿತ್ತು. ಎದ್ರೆ ಅಷ್ಟು ಜನರ ಮಧ್ಯೆ ಬೀಳ್ತಿದ್ದೆ. ಅಮ್ಮ ಬೇರೆ ಏಳೇ ಏಳೇ ಅಂತಿದ್ಲು. ಅದಕ್ಕೆ ನೋಡ್ಕೊಂಡು ಬತ್ತೀನಿ ಅಂದೆ."

 ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಒಂದು ಕತೆ, ಕಾಲಿನ ಜೋಮು! ನನ್ನ ಮುಖ ನೋಡಿ ಅವಳು ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಹೊರಗೆ ಬೀದಿ ನೋಡುತ್ತ ಹೇಳಿದಳು:

"ದೀಪ ಆರಿ ಸ್ವಲ್ಪ ಹೊತ್ತಿಗೇ ಜೋಮು ಇಳೀತು. ಬಾಗಿಲು ಹತ್ರಾನೇ ಇತ್ತು, ಅತ್ತಿಗೆ ಕೈ ಬೀಸಿ ಕರೀತಿದ್ರು. ಕಾಲು ಸರಿಯಾಗೇ ಇತ್ತು. ಆಗ ಏಳ್ಲಿಲ್ಲ ನೋಡು."